ಫೆಂಗ್ ಶೂಯಿಯಲ್ಲಿ ಹೂವು: ಶ್ಲೇಷೆ, ಋತು, ದಿಕ್ಕು

ಫೆಂಗ್ ಶೂಯಿ ಎಂಬ ಪದಕ್ಕೆ ಚೀನೀ ಭಾಷೆಯಲ್ಲಿ ‘ಗಾಳಿ, ನೀರು’ ಎಂದಷ್ಟೇ ಅರ್ಥ. ಗುವೊ ಪು (276–324) ಎಂಬ ವಿದ್ವಾಂಸನ ಹೆಸರಿನಲ್ಲಿ ಉಳಿದು ಬಂದಿರುವ ‘ಝಾಂಗ್ ಶು’ ಎಂಬ ಗ್ರಂಥವು, ‘ಚೀ’ ಎಂಬ ಪ್ರಾಣಶಕ್ತಿ ಗಾಳಿಯನ್ನೇರಿದರೆ ಚದುರಿಹೋಗುತ್ತದೆ, ನೀರು ಅಡ್ಡಬಂದಲ್ಲಿ ನಿಲ್ಲುತ್ತದೆ ಎನ್ನುತ್ತದೆ. ಆದರೆ ಅದು ಗೋರಿಗಳ ನೆಲೆಯನ್ನು ಕುರಿತ ಗ್ರಂಥ. ಬೆಟ್ಟದ ಸಾಲು, ಹೊಳೆಯ ತಿರುವು ಅದರ ವಿಷಯವೇ ಹೊರತು ಹೂದಾನಿಯಲ್ಲ. ಇಂದು ಫೆಂಗ್ ಶೂಯಿ ಕೈಪಿಡಿಗಳಲ್ಲಿ ಕಾಣುವ ಹೂವಿನ ಸೂಚನೆಗಳಲ್ಲಿ ಹೆಚ್ಚಿನವು ಚೀನಾದ ಕಾವ್ಯ, ಚಿತ್ರಕಲೆ, ಹಬ್ಬದ ಆಚರಣೆಗಳಿಂದ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಭಾಷೆಯಿಂದಲೇ ಇದರೊಳಗೆ ಸೇರಿಕೊಂಡಿವೆ. ಇದನ್ನು ಗಮನದಲ್ಲಿಟ್ಟುಕೊಳ್ಳದೆ ಓದಿದರೆ ‘ಈ ಹೂವು ಶುಭ, ಆ ಹೂವು ಅಶುಭ’ ಎಂಬ ಪಟ್ಟಿಯಷ್ಟೇ ಬಾಯಿಪಾಠವಾಗುತ್ತದೆ, ಕಾರಣ ತಿಳಿಯುವುದಿಲ್ಲ.

ಭಾಷೆಯಿಂದ ಎಂದುದರ ಅರ್ಥವನ್ನು ವಿವರಿಸುವುದು ಕನ್ನಡಿಗರಿಗೆ ಕಷ್ಟವಲ್ಲ, ಏಕೆಂದರೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ಶ್ಲೇಷೆ ಎಂಬ ಹೆಸರು ಸಿದ್ಧವಾಗಿಯೇ ಇದೆ. ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರಣೆಯ ಪದಗಳು ಹೇರಳವಾಗಿರುವುದರಿಂದ, ಒಂದು ವಸ್ತುವಿನ ಹೆಸರನ್ನು ಹೇಳಿದಾಗ ಅದೇ ದನಿಯ ಇನ್ನೊಂದು ಪದವೂ ಕಿವಿಗೆ ಬೀಳುತ್ತದೆ. ಹೂದಾನಿಗೆ ‘ಪಿಂಗ್’ ಎನ್ನುತ್ತಾರೆ. ಶಾಂತಿ, ನೆಮ್ಮದಿ ಎಂಬರ್ಥದ ಪದವೂ ‘ಪಿಂಗ್’. ಆದ್ದರಿಂದ ನಾಲ್ಕು ಋತುಗಳ ಹೂಗಳನ್ನು ಒಂದೇ ಹೂದಾನಿಯಲ್ಲಿ ಚಿತ್ರಿಸಿದರೆ ‘ವರ್ಷವಿಡೀ ನೆಮ್ಮದಿ ಇರಲಿ’ ಎಂಬ ಹಾರೈಕೆಯನ್ನು ಬರೆದಂತೆಯೇ ಆಯಿತು. ತಾವರೆಗೆ ಎರಡು ಹೆಸರುಗಳಿವೆ: ‘ಲಿಯೆನ್’ ಎಂದಾಗ ‘ಎಡೆಬಿಡದೆ’ ಎಂಬ ಅರ್ಥವೂ, ‘ಹ’ ಎಂದಾಗ ‘ಸಾಮರಸ್ಯ’ ಎಂಬ ಅರ್ಥವೂ ಹೊಳೆಯುತ್ತದೆ. ತಾವರೆಯ ಬೀಜವು ಸಂತಾನದ ಹಾರೈಕೆಯಾಗಿ ಮದುವೆಯ ಸಂಭ್ರಮದಲ್ಲಿ ಸೇರುವುದೂ ಇದೇ ದಾರಿಯಿಂದ. ಇದರ ವಿರುದ್ಧದ ಉದಾಹರಣೆ ಪೇರ್ ಹಣ್ಣಿನದು. ಅದರ ಹೆಸರಾದ ‘ಲೀ’ ಎಂಬುದು ಅಗಲಿಕೆಯ ಪದದಂತೆಯೇ ಕೇಳಿಸುವುದರಿಂದ, ನೋಡಲು ಎಷ್ಟೇ ಸೊಗಸಾಗಿದ್ದರೂ ಆ ಮರವನ್ನು ಮನೆಯಂಗಳದಲ್ಲಿ ಬೆಳೆಸಲು ಹಲವರು ಹಿಂಜರಿಯುತ್ತಾರೆ. ಹೆಸರನ್ನು ಕನ್ನಡಕ್ಕೆ ತಂದ ಕೂಡಲೇ ಶ್ಲೇಷೆ ಮಾಯವಾಗಿ ನಂಬಿಕೆ ಮಾತ್ರ ಉಳಿಯುತ್ತದೆಯಾದ್ದರಿಂದ, ಟಿಪ್ಪಣಿ ಮಾಡಿಕೊಳ್ಳುವಾಗ ಮೂಲದ ಉಚ್ಚಾರಣೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳುವುದು ಲೇಸು.

ಎಲ್ಲ ಅರ್ಥವೂ ಶಬ್ದದಿಂದಲೇ ಹುಟ್ಟಿದ್ದಲ್ಲ. ಸಾಂಗ್ ರಾಜವಂಶದ ಕಾಲದ ತತ್ತ್ವಜ್ಞ ಚೌ ದುನ್‌ಯಿ (1017–1073) ತಾವರೆಯ ಮೇಲಿನ ಪ್ರೀತಿಯನ್ನು ಕುರಿತು ಒಂದು ಪುಟ್ಟ ಪ್ರಬಂಧ ಬರೆದು, ಸೇವಂತಿಗೆಯನ್ನು ಲೋಕದಿಂದ ಹಿಂದೆ ಸರಿದ ಏಕಾಂತವಾಸಿಗೂ, ಪಿಯೋನಿಯನ್ನು ಸಿರಿವಂತನಿಗೂ, ಕೆಸರಿನಿಂದ ಎದ್ದರೂ ಕೆಸರಂಟದ ತಾವರೆಯನ್ನು ಸಜ್ಜನನಿಗೂ ಹೋಲಿಸಿದನು. ತಾವರೆಯ ಈ ಕಲ್ಪನೆ ನಮಗೆ ಚಿರಪರಿಚಿತ. ಬೌದ್ಧಧರ್ಮದೊಡನೆ ಭಾರತದಿಂದ ಚೀನಾಕ್ಕೆ ಹೋದ ಸಂಗತಿಗಳಲ್ಲಿ ಇದೂ ಒಂದು. ಪಿಯೋನಿ ಮಾತ್ರ ಅಪ್ಪಟ ಚೀನೀ ಹೂವು. ‘ಮುದಾನ್’ ಎಂದು ಕರೆಯುವ ಈ ಹೂವಿಗೆ ಥಾಂಗ್ ರಾಜವಂಶದ ಕಾಲದಲ್ಲಿ ಅರಮನೆಯ ಮನ್ನಣೆ ಸಿಕ್ಕಿತು, ಲುವೊಯಾಂಗ್ ನಗರ ಇಂದಿಗೂ ಇದಕ್ಕೆ ಹೆಸರಾಗಿದೆ, ಮತ್ತು ‘ಹೂಗಳ ರಾಜ’ ಎಂಬ ಬಿರುದು ಇದಕ್ಕೇ ಮೀಸಲು.

ಪಿಯೋನಿಯ ಚಿತ್ರವನ್ನು ಮನೆಯ ನೈರುತ್ಯದಲ್ಲಿ ಇಟ್ಟರೆ ದಾಂಪತ್ಯಕ್ಕೆ ಒಳ್ಳೆಯದು ಎಂಬ ಸಲಹೆ ಇಂದು ಎಲ್ಲೆಡೆ ಸಿಗುತ್ತದೆ. ಇಲ್ಲಿ ಕಲಿಯುವವರು ತುಸು ಎಚ್ಚರದಿಂದಿರಬೇಕು. ನೈರುತ್ಯವು ‘ಖುನ್’ ಎಂಬ ಚಿಹ್ನೆಯ, ಅಂದರೆ ಭೂಮಿ ಮತ್ತು ತಾಯಿಯ ದಿಕ್ಕು ಎಂಬುದು ಎಂಟು ದಿಕ್ಕುಗಳಿಗೆ ಎಂಟು ಚಿಹ್ನೆಗಳನ್ನು ಹೊಂದಿಸುವ ಹಳೆಯ ವ್ಯವಸ್ಥೆಯಲ್ಲಿಯೇ ಇದೆ. ಅದನ್ನು ‘ಪ್ರೇಮದ ಮೂಲೆ’ ಎಂದು ಕರೆಯುವುದು ಆಧುನಿಕ ರೂಢಿ. ಲಿನ್ ಯುನ್ (1932–2010) ಅಮೆರಿಕದಲ್ಲಿ ಹರಡಿದ ಪಂಥವಂತೂ ದಿಕ್ಸೂಚಿಯನ್ನೇ ಬಿಟ್ಟು, ಬಾಗಿಲಲ್ಲಿ ನಿಂತವರ ಬಲಗಡೆಯ ಕೊನೆಯ ಮೂಲೆಯನ್ನು ಸಂಬಂಧಗಳ ಸ್ಥಾನವೆಂದು ಎಣಿಸುತ್ತದೆ. ಎರಡೂ ಪದ್ಧತಿಗಳನ್ನು ಒಂದೇ ಮನೆಯಲ್ಲಿ ಬೆರೆಸಿದರೆ ಒಂದೇ ಹೂದಾನಿಗೆ ಎರಡು ಸ್ಥಾನಗಳು ಬರುತ್ತವೆ, ಗೊಂದಲವೂ ಬರುತ್ತದೆ.

ನನ್ನ ದೃಷ್ಟಿಯಲ್ಲಿ ಹೂವಿಗೂ ದಿಕ್ಕಿಗೂ ನಿಜವಾದ ಶಾಸ್ತ್ರೀಯ ನಂಟು ಇರುವುದು ಪೀಚ್ ಹೂವಿನ ವಿಷಯದಲ್ಲಿ. ‘ಥಾವೊಹುವಾ ಯುನ್’, ಅಂದರೆ ಪೀಚ್ ಹೂವಿನ ಅದೃಷ್ಟ, ಎಂಬುದು ಚೀನೀ ಜಾತಕಶಾಸ್ತ್ರದಲ್ಲಿ ಆಕರ್ಷಣೆ ಮತ್ತು ಪ್ರಣಯಯೋಗವನ್ನು ಸೂಚಿಸುತ್ತದೆ. ಹನ್ನೆರಡು ಪ್ರಾಣಿವರ್ಷಗಳನ್ನು ಮೂರು ಮೂರರಂತೆ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದೊಂದು ದಿಕ್ಕನ್ನು ಗೊತ್ತುಮಾಡಿದ್ದಾರೆ: ಇಲಿ, ಡ್ರ್ಯಾಗನ್, ಕೋತಿ ವರ್ಷದವರಿಗೆ ಪಶ್ಚಿಮ, ಹುಲಿ, ಕುದುರೆ, ನಾಯಿ ವರ್ಷದವರಿಗೆ ಪೂರ್ವ, ಎತ್ತು, ಹಾವು, ಕೋಳಿ ವರ್ಷದವರಿಗೆ ದಕ್ಷಿಣ, ಮೊಲ, ಕುರಿ, ಹಂದಿ ವರ್ಷದವರಿಗೆ ಉತ್ತರ. ಪ್ರತಿ ಗುಂಪಿಗೂ ನೀರು, ಬೆಂಕಿ ಮುಂತಾದವುಗಳಲ್ಲಿ ಒಂದು ಧಾತುವಿದ್ದು, ಆ ಧಾತುವಿನ ಹುಟ್ಟಿನಿಂದ ಅಳಿವಿನವರೆಗಿನ ಹನ್ನೆರಡು ಅವಸ್ಥೆಗಳಲ್ಲಿ ‘ಸ್ನಾನ’ ಎಂಬ ಎರಡನೆಯ ಅವಸ್ಥೆ ಎಲ್ಲಿ ಬೀಳುತ್ತದೋ ಅದೇ ಪೀಚ್ ಹೂವಿನ ದಿಕ್ಕು. 1996ರ ಜೂನ್‌ನಲ್ಲಿ ಹುಟ್ಟಿದವರು ಇಲಿ ವರ್ಷದವರಾದ್ದರಿಂದ ಕೋಣೆಯ ಪಶ್ಚಿಮದಲ್ಲಿ ನೀರು ತುಂಬಿದ ಹೂದಾನಿಯಲ್ಲಿ ತಾಜಾ ಹೂವಿಡಬೇಕು ಎಂಬುದು ರೂಢಿ. ಜನವರಿಯಲ್ಲಿ ಹುಟ್ಟಿದವರು ಮಾತ್ರ ಹಿಂದಿನ ವರ್ಷದ ಪ್ರಾಣಿಯನ್ನೇ ಹಿಡಿಯಬೇಕು, ಏಕೆಂದರೆ ಜಾತಕದ ವರ್ಷ ಬದಲಾಗುವುದು ಫೆಬ್ರುವರಿ 4ರ ಆಸುಪಾಸಿನಲ್ಲಿ. ಈ ಯೋಗ ಅತಿಯಾದರೆ ‘ಥಾವೊಹುವಾ ಶಾ’ ಎಂಬ ದೋಷವಾಗಿ ಪ್ರೇಮಪ್ರಕರಣಗಳ ತೊಡಕು ಹುಟ್ಟುತ್ತದೆಂದೂ ಹೇಳುವುದರಿಂದ, ಮದುವೆಯಾದವರಿಗೆ ಈ ಉಪಾಯವನ್ನು ಸಾಮಾನ್ಯವಾಗಿ ಸೂಚಿಸುವುದಿಲ್ಲ. ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ ಚೀನೀ ಹೊಸ ವರ್ಷಕ್ಕೆ ಮುನ್ನ ನಡೆಯುವ ಹೂವಿನ ಸಂತೆಯಲ್ಲಿ ಪೀಚ್ ಕೊಂಬೆಗಳಿಗೆ ಇರುವ ಬೇಡಿಕೆಯ ಹಿಂದೆ ಈ ನಂಬಿಕೆಯೂ ಇದೆ.

ಉಳಿದ ಹೂಗಳನ್ನು ಚುಟುಕಾಗಿ ಹೇಳಬಹುದು. ಚಳಿಗಾಲದ ಕೊನೆಯಲ್ಲಿ, ಎಲೆ ಚಿಗುರುವ ಮೊದಲೇ ಅರಳುವ ‘ಮೇ’, ಅಂದರೆ ಚೀನೀ ಪ್ಲಮ್ ಹೂವಿನ ಐದು ಎಸಳುಗಳು ಐದು ಭಾಗ್ಯಗಳಿಗೆ ಸಂಕೇತ. ‘ಜಲದೇವತೆ’ ಎಂಬರ್ಥದ ‘ಶುಯಿಶಿಯೆನ್’, ಅಂದರೆ ನಾರ್ಸಿಸಸ್ ಹೂವು, ಸರಿಯಾಗಿ ಹೊಸ ವರ್ಷದ ಹೊತ್ತಿಗೆ ಅರಳಿದರೆ ಶುಭಶಕುನ. ಸೇವಂತಿಗೆಯಲ್ಲಿ ನಮ್ಮವರು ಎಡವುವ ಸಾಧ್ಯತೆ ಹೆಚ್ಚು: ನಮ್ಮಲ್ಲಿ ದೇವರ ಮುಡಿಗೇರುವ ಬಿಳಿ ಮತ್ತು ಹಳದಿ ಸೇವಂತಿಗೆಗಳು ಚೀನಾದಲ್ಲಿ ದೀರ್ಘಾಯುಷ್ಯದ ಹೂಗಳಾಗಿದ್ದರೂ, ಅಂತ್ಯಸಂಸ್ಕಾರಕ್ಕೂ ಛಿಂಗ್‌ಮಿಂಗ್ ಹಬ್ಬದ ಗೋರಿಪೂಜೆಗೂ ಬಳಕೆಯಾಗುತ್ತವೆ. ಅಲ್ಲಿಯವರ ಮನೆಗೆ ಹೋಗುವಾಗ ಬಿಳಿ ಸೇವಂತಿಗೆಯ ಗೊಂಚಲನ್ನು ಕೊಂಡೊಯ್ಯಬಾರದು.

ಬಾಡಿದ ಹೂವನ್ನು ಕೂಡಲೇ ತೆಗೆಯಬೇಕು, ಕೊಳೆತ ನೀರನ್ನು ಬಿಡಬಾರದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಒಣಗಿಸಿದ ಹೂವನ್ನು ‘ಸತ್ತ ಚೀ’ ಎಂದು ಅನೇಕ ಕೈಪಿಡಿಗಳು ಬೇಡವೆನ್ನುತ್ತವೆ. ಬಟ್ಟೆಯ ಹೂವಿಗೆ ಮಾತ್ರ ಕೆಲವು ಒಪ್ಪಿಗೆ ಕೊಡುತ್ತವೆ. ಎಂದೂ ಬದುಕಿರದ ಹೂವಿಗೆ ಅನುಮತಿಯಿದ್ದು ಬದುಕಿ ಒಣಗಿದ ಹೂವಿಗೆ ಇಲ್ಲದಿರುವುದು ಮೊದಲು ವಿಚಿತ್ರವೆನಿಸುತ್ತದೆ. ಆದರೆ ಇಲ್ಲಿ ಎರಡು ತರ್ಕಗಳು ಒಟ್ಟಿಗೆ ಕೆಲಸ ಮಾಡುತ್ತಿವೆ: ಪ್ರಾಣಶಕ್ತಿಯ ತರ್ಕಕ್ಕೆ ನೀರಿನಲ್ಲಿ ನಿಂತ ಜೀವಂತ ಹೂವೇ ಬೇಕು, ಶ್ಲೇಷೆಯ ತರ್ಕಕ್ಕೆ ಹೂವಿನ ಹೆಸರನ್ನು ನೆನಪಿಸುವ ಬಟ್ಟೆ, ಪಿಂಗಾಣಿ ಅಥವಾ ರೇಷ್ಮೆಯ ಮೇಲಿನ ಚಿತ್ರ ಇದ್ದರೂ ಸಾಕು.