ಐರ್ಲೆಂಡ್ ಸರ್ಕಾರದ ಖರ್ಚು ನಿಜವಾಗಿ ಇಳಿದಿದೆಯೇ?

ಸರ್ಕಾರಗಳ ಲೆಕ್ಕಪತ್ರ ಓದುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಯುರೋಪಿನ ದೇಶಗಳನ್ನು ಹೋಲಿಸಲು ಕೂತರೆ ಐರ್ಲೆಂಡ್ ಹತ್ತಿರ ಬಂದು ಎಡವುತ್ತಾರೆ. 1980ರ ದಶಕದಲ್ಲಿ ಅಲ್ಲಿನ ಸರ್ಕಾರದ ಖರ್ಚು ಜಿಡಿಪಿಯ, ಅಂದರೆ ದೇಶದಲ್ಲಿ ಒಂದು ವರ್ಷದಲ್ಲಿ ಆಗುವ ಒಟ್ಟು ಉತ್ಪಾದನೆಯ ಮೌಲ್ಯದ, ಅರ್ಧ ಮುಟ್ಟಿತ್ತು. 2023ರಲ್ಲಿ ಸುಮಾರು ಶೇ. 23. ಯುರೋಪ್ ಒಕ್ಕೂಟದಲ್ಲೇ ಅತಿ ಕಡಿಮೆ. "ಸರ್ಕಾರ ಚಿಕ್ಕದಾಯ್ತು, ಅದಕ್ಕೇ ದೇಶ ಶ್ರೀಮಂತವಾಯ್ತು, ಅಲ್ವಾ?" ಅಂತ ಕೇಳುತ್ತಾರೆ.

ಹಾಗಲ್ಲ. ತಪ್ಪು ಇರುವುದು ಖರ್ಚಿನ ಅಂಕಿಯಲ್ಲಿ ಅಲ್ಲ, ಅದನ್ನು ಯಾವುದರಿಂದ ಭಾಗಿಸಿದ್ದೇವೆ ಅನ್ನುವುದರಲ್ಲಿ.

ಅಮೆರಿಕದ ದೊಡ್ಡ ಟೆಕ್ ಮತ್ತು ಔಷಧ ಕಂಪನಿಗಳು ತಮ್ಮ ಪೇಟೆಂಟು, ಸಾಫ್ಟ್‌ವೇರ್ ಹಕ್ಕುಗಳನ್ನು ಐರ್ಲೆಂಡಿನಲ್ಲಿ ಇಟ್ಟುಕೊಂಡಿವೆ. ಜಗತ್ತಿನ ಎಲ್ಲೆಲ್ಲೋ ಆದ ಲಾಭ ಅಲ್ಲಿನ ಜಿಡಿಪಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬಾಡಿಗೆದಾರನ ಸಂಬಳವನ್ನೂ ಮನೆ ಮಾಲೀಕನ ಆದಾಯಕ್ಕೆ ಸೇರಿಸಿ ಬರೆದ ಹಾಗೆ. 2015ರಲ್ಲಿ ಜಿಡಿಪಿ ಒಂದೇ ವರ್ಷದಲ್ಲಿ ಶೇ. 26ರಷ್ಟು ಬೆಳೆದಿದೆ ಎಂದು ಅಲ್ಲಿನ ಅಂಕಿಅಂಶ ಇಲಾಖೆ ಹೇಳಿದಾಗ ಅರ್ಥಶಾಸ್ತ್ರಜ್ಞರೆಲ್ಲ ತಲೆ ಕೆರೆದುಕೊಂಡರು. ಕೊನೆಗೆ 2017ರಲ್ಲಿ ಆ ಇಲಾಖೆಯೇ ಬೇರೊಂದು ಅಳತೆ ತಂದಿತು. ಅದಕ್ಕೆ 'ಜಿಎನ್‌ಐ ಸ್ಟಾರ್' ಎಂದು ಹೆಸರು. ಕಂಪನಿಗಳ ಈ ಲೆಕ್ಕದಾಟವನ್ನು ಕಳೆದು, ದೇಶದ ಜನರ ಕೈಗೆ ನಿಜಕ್ಕೂ ಸಿಗುವ ಆದಾಯಕ್ಕೆ ಹತ್ತಿರ ಬರುವ ಅಂಕಿ ಅದು. ಜಿಡಿಪಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದರಿಂದ ಭಾಗಿಸಿ ನೋಡಿದರೆ ಶೇ. 23 ಇದ್ದ ಖರ್ಚು ಶೇ. 40ರ ಹತ್ತಿರ ಬರುತ್ತದೆ. ಅಂದರೆ ಯುರೋಪಿನ ಮಾಮೂಲಿ ಸರ್ಕಾರಗಳ ಸಾಲಿಗೇ ಬಂತು.

ಹಾಗಾದರೆ ಈ ನಲವತ್ತು ವರ್ಷಗಳಲ್ಲಿ ಏನೂ ಬದಲಾಗಿಲ್ಲವೇ? ಬದಲಾಗಿದೆ. ಅದನ್ನು ನೋಡಬೇಕಾದರೆ ಒಟ್ಟು ಮೊತ್ತ ಬಿಟ್ಟು ಒಳಗೆ ಇಳಿಯಬೇಕು.

1977ರ ಚುನಾವಣೆಯಲ್ಲಿ ಫಿಯಾನಾ ಫಾಯಿಲ್ ಪಕ್ಷ ಮನೆ ತೆರಿಗೆ, ಕಾರು ತೆರಿಗೆ ತೆಗೆಯುತ್ತೇವೆ ಎಂದು ಹೇಳಿ ಗೆದ್ದಿತು. ತೆಗೆಯಿತು ಕೂಡ. ಖರ್ಚು ಮಾತ್ರ ಏರುತ್ತಲೇ ಹೋಯಿತು, ಸಾಲ ಬೆಳೆಯಿತು. 1980ರ ದಶಕದ ನಡುವಿಗೆ ತೆರಿಗೆ ಹಣದ ಕಾಲು ಭಾಗಕ್ಕಿಂತ ಜಾಸ್ತಿ ಬರೀ ಬಡ್ಡಿಗೆ ಹೋಗುತ್ತಿತ್ತು. ಆ ಕಾಲದ 'ದೊಡ್ಡ ಸರ್ಕಾರ'ದ ಒಂದು ದೊಡ್ಡ ಪಾಲು ಶಾಲೆಯೂ ಅಲ್ಲ, ಆಸ್ಪತ್ರೆಯೂ ಅಲ್ಲ, ಬಡ್ಡಿ. 1987ರಲ್ಲಿ ಹಣಕಾಸು ಸಚಿವ ರೇ ಮ್ಯಾಕ್‌ಶಾರಿ ಕತ್ತರಿ ಹಿಡಿದರು. ವಿರೋಧ ಪಕ್ಷದ ನಾಯಕ ಆಲನ್ ಡ್ಯೂಕ್ಸ್ ಅದನ್ನು ತಡೆಯಲಿಲ್ಲ, ಬೆಂಬಲಿಸಿದರು. ಆಮೇಲೆ ಆರ್ಥಿಕತೆ ಓಡತೊಡಗಿತು, ಬಡ್ಡಿಯ ಹೊರೆ ಕರಗಿತು. 2007ರ ಹೊತ್ತಿಗೆ ಸಾಲ ಜಿಡಿಪಿಯ ಕಾಲು ಭಾಗಕ್ಕೆ ಇಳಿದಿತ್ತು.

ಆಮೇಲೆ ಬ್ಯಾಂಕುಗಳು ಮುಳುಗಿದವು. ಅವುಗಳನ್ನು ಉಳಿಸಲು ಸುರಿದ ಹಣ ಸುಮಾರು 6,400 ಕೋಟಿ ಯೂರೋ. 2010ರಲ್ಲಿ ಸರ್ಕಾರದ ಆದಾಯಕ್ಕೂ ಖರ್ಚಿಗೂ ನಡುವಿನ ಕೊರತೆ ಜಿಡಿಪಿಯ ಶೇ. 32! ಖರ್ಚಿನ ಗ್ರಾಫಿನಲ್ಲಿ ಆ ಒಂದು ವರ್ಷ ತೆಂಗಿನಮರದ ಹಾಗೆ ಎದ್ದು ನಿಲ್ಲುತ್ತದೆ. ಜನರಿಗೆ ಅದರಿಂದ ಆಸ್ಪತ್ರೆಯ ಒಂದು ಹಾಸಿಗೆಯಾಗಲಿ, ಒಂದು ಶಾಲಾ ಕೋಣೆಯಾಗಲಿ ಸಿಗಲಿಲ್ಲ.

ನನಗೆ ನಿಜಕ್ಕೂ ಬೇಸರ ತರುವುದು ಆನಂತರ ಆದದ್ದು. ಯುರೋಪ್ ಒಕ್ಕೂಟ ಮತ್ತು ಐಎಂಎಫ್‌ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲದ ಷರತ್ತುಗಳ ನಡುವೆ ಖರ್ಚು ಕಡಿತ ಮಾಡುವಾಗ ಮೊದಲು ಪೆಟ್ಟು ಬಿದ್ದದ್ದು ಬಂಡವಾಳ ವೆಚ್ಚಕ್ಕೆ. ಮನೆ, ರಸ್ತೆ, ನೀರು, ಆಸ್ಪತ್ರೆ ಕಟ್ಟುವ ಹಣ ಐದು ವರ್ಷಗಳಲ್ಲಿ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಎಲ್ಲ ಸರ್ಕಾರಗಳೂ ಹೀಗೇ ಮಾಡುತ್ತವೆ. ಪಿಂಚಣಿ ಮುಟ್ಟಿದರೆ ಜನ ಬೀದಿಗೆ ಬರುತ್ತಾರೆ, ಕಟ್ಟದೇ ಉಳಿದ ಮನೆಗಾಗಿ ಅವತ್ತು ಯಾರೂ ಗಲಾಟೆ ಮಾಡುವುದಿಲ್ಲ. ಆದರೆ ಹತ್ತು ವರ್ಷ ಬಿಟ್ಟು ಬಿಲ್ ಬರುತ್ತದೆ. ಇವತ್ತು ಡಬ್ಲಿನ್‌ಗೆ ಐಟಿ ಕೆಲಸಕ್ಕೋ ನರ್ಸ್ ಕೆಲಸಕ್ಕೋ ಹೋಗುವ ನಮ್ಮವರು ಬಾಡಿಗೆ ಮನೆಗೆ ಪರದಾಡುತ್ತಾರಲ್ಲ, ಅದರ ಬೇರು ಬಹುಮಟ್ಟಿಗೆ ಆ ವರ್ಷಗಳಲ್ಲಿದೆ.

ಈಗ ಚಿತ್ರ ಉಲ್ಟಾ ಆಗಿದೆ. ಖಜಾನೆ ತುಂಬಿದೆ. 2014ರಲ್ಲಿ 460 ಕೋಟಿ ಯೂರೋ ಇದ್ದ ಕಾರ್ಪೊರೇಟ್ ತೆರಿಗೆ 2023ರಲ್ಲಿ 2,380 ಕೋಟಿ ದಾಟಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಬರೀ ಹತ್ತು ಕಂಪನಿಗಳಿಂದ. ವರ್ಷಕ್ಕೆ ಶೇ. 5ಕ್ಕಿಂತ ಜಾಸ್ತಿ ಖರ್ಚು ಏರಿಸುವುದಿಲ್ಲ ಎಂದು 2021ರಲ್ಲಿ ಸರ್ಕಾರ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿಯಿತು. ಆರೋಗ್ಯ ಇಲಾಖೆಯಂತೂ ಮತ್ತೆ ಮತ್ತೆ ಬಜೆಟ್ ಮೀರುತ್ತದೆ. ಹತ್ತು ಕಂಪನಿಗಳ ಲಾಭವನ್ನು ನಂಬಿ ಕಾಯಂ ಸಂಬಳ, ಕಾಯಂ ಪಿಂಚಣಿ ಏರಿಸುವುದು ಅಪಾಯ. ಅದೇ ಹಣದಲ್ಲಿ ಮನೆ, ನೀರಿನ ಪೈಪು, ವಿದ್ಯುತ್ ಜಾಲ ಕಟ್ಟಿದರೆ ನಾಳೆ ತೆರಿಗೆ ನಿಂತುಹೋದರೂ ಕಟ್ಟಿದ್ದು ಉಳಿಯುತ್ತದೆ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

2024ರಲ್ಲಿ ಅವರು ಒಂದು ಒಳ್ಳೆಯ ಕಾನೂನು ಮಾಡಿದರು. 2035ರವರೆಗೆ ಪ್ರತಿ ವರ್ಷ ಜಿಡಿಪಿಯ ಶೇ. 0.8ರಷ್ಟನ್ನು 'ಫ್ಯೂಚರ್ ಐರ್ಲೆಂಡ್ ಫಂಡ್' ಎಂಬ ನಿಧಿಗೆ ಹಾಕಬೇಕು. ವಯಸ್ಸಾದವರು ಹೆಚ್ಚಾದಂತೆ ಏರುವ ಪಿಂಚಣಿ, ಆಸ್ಪತ್ರೆ ಖರ್ಚಿಗೆಂದು ಈ ಉಳಿತಾಯ. ಗಮನಿಸಿ, ಇಲ್ಲಿ ಅಳತೆಗೋಲು ಜಿಎನ್‌ಐ ಸ್ಟಾರ್ ಅಲ್ಲ, ಅದೇ ಉಬ್ಬಿದ ಜಿಡಿಪಿ. ಹಾಗಾಗಿ ವರ್ಷಕ್ಕೆ 400 ಕೋಟಿ ಯೂರೋಗೂ ಮಿಗಿಲಾದ ಹಣ ಪಕ್ಕಕ್ಕೆ ಹೋಗುತ್ತಿದೆ.