ವಾಕಿ-ಟಾಕಿ ಟಿಪ್ಪಣಿ: ಟ್ಯಾಂಕರ್ ಒಳಗೆ ಬಂದದ್ದು ಹೇಗೆ

ಸೆಕ್ಯೂರಿಟಿ ಗಾರ್ಡ್ ಕೆಲಸಕ್ಕೆ ಸೇರಬೇಕಾದರೆ 100 ಗಂಟೆ ತರಗತಿ, 60 ಗಂಟೆ ಫೀಲ್ಡ್ ತರಬೇತಿ ಮುಗಿಸಬೇಕು. ಅಷ್ಟರಲ್ಲಿ ವಾಕಿ-ಟಾಕಿ ಪಾಠಕ್ಕೆ ನಮಗೆ ಸಿಕ್ಕಿದ್ದು ಒಂದೇ ಮಧ್ಯಾಹ್ನ. ಇವತ್ತು ನಾನು ಅದರಲ್ಲಿ ಎಡವಿದ್ದೇನೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸೆಟ್ ಆನ್ ಮಾಡುವುದು, ಚಾನೆಲ್ ತಿರುಗಿಸುವುದು, ಚಾರ್ಜಿಗೆ ಇಡುವುದು ನಿಮಗೇ ಬರುತ್ತದೆ, ಅದನ್ನು ಬಿಟ್ಟಿದ್ದೇನೆ.

ಟೆನ್ ಯಾಕೆ?

ಕೊಟ್ಟ ಜೆರಾಕ್ಸ್ ಹಾಳೆಯ ತಲೆಯಲ್ಲೇ ಟೆನ್-ಕೋಡ್. ಟೆನ್-ಫೋರ್ ಅಂದರೆ ತಿಳೀತು, ಟೆನ್-ನೈನ್ ಅಂದರೆ ಇನ್ನೊಮ್ಮೆ ಹೇಳಿ, ಟೆನ್-ಟ್ವೆಂಟಿ ಅಂದರೆ ಎಲ್ಲಿದ್ದೀರಿ. ಎಲ್ಲದರ ಮುಂದೂ ಒಂದು 'ಟೆನ್'. ಕಳ್ಳರಿಗೆ ತಿಳಿಯದಿರಲಿ ಅಂತ ಮಾಡಿದ ಗುಟ್ಟು ಅಂದುಕೊಂಡಿದ್ದೆ. ಅಲ್ಲವಂತೆ. ಇದನ್ನು ಕಟ್ಟಿದ್ದು ಅಮೆರಿಕದ ಇಲಿನಾಯ್ ರಾಜ್ಯ ಪೊಲೀಸಿನ ಚಾರ್ಲ್ಸ್ ಹಾಪರ್, 1937ರಿಂದ 1940ರ ನಡುವೆ. ಆಗಿನ ಪೊಲೀಸ್ ಕಾರುಗಳ ರೇಡಿಯೋದಲ್ಲಿ ಗುಂಡಿ ಒತ್ತಿದ ಮೇಲೆ ಒಳಗಿನ ಮೋಟಾರು ತಿರುಗಿ ಪೂರ್ತಿ ಕಸುವಿಗೆ ಬರಲು ಕಾಲು ಸೆಕೆಂಡಿನವರೆಗೂ ಹಿಡಿಯುತ್ತಿತ್ತು. ತಡೆದು ಮಾತಾಡಿ ಅಂತ ಎಷ್ಟು ಹೇಳಿದರೂ ಪೊಲೀಸರು ಒತ್ತಿದ ಕೂಡಲೇ ಬಾಯಿ ಬಿಡುತ್ತಿದ್ದರು, ಮೊದಲ ಮಾತು ಹಾಳಾಗುತ್ತಿತ್ತು. ಹಾಳಾಗುವುದಾದರೆ ಇದು ಹಾಳಾಗಲಿ ಅಂತ ಮುಂದೆ ಇಟ್ಟದ್ದು 'ಟೆನ್'. ಹೊಸ ಗಾಡಿಯ ಮುಂದೆ ಒಡೆಯುವ ಬೂದುಗುಂಬಳಕಾಯಿ ಇದ್ದ ಹಾಗೆ.

ಇವತ್ತಿನ ಸೆಟ್ಟಿನಲ್ಲಿ ಮೋಟಾರು ಇಲ್ಲ. ಆದರೂ ಒತ್ತಿದ ತಕ್ಷಣ ಮಾತಾಡಿದರೆ ಮೊದಲ ಅಕ್ಷರ ಹೋಗುತ್ತದೆ, ರಿಪೀಟರ್ (ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಯಂತ್ರ) ಮೂಲಕ ಹೋಗುವ ಕಡೆಯಂತೂ ಖಂಡಿತ ಹೋಗುತ್ತದೆ. ಒತ್ತಿ, ಮನಸ್ಸಿನಲ್ಲಿ 'ಒಂದು' ಅಂದುಕೊಂಡು, ಆಮೇಲೆ ಮಾತು. ಇಲ್ಲಿಯವರೆಗೆ ನನಗೆ ಸಲೀಸು.

ಬಾಲ ತುಂಡಾದರೆ?

ನಾನು ಬಿದ್ದದ್ದು ಇಲ್ಲಿ. ಅಭ್ಯಾಸಕ್ಕೆ ನನ್ನನ್ನು ಕಂಟ್ರೋಲ್ ರೂಮಿನವನನ್ನಾಗಿ ಮಾಡಿ, ನನ್ನ ಜೋಡಿಯನ್ನು ಎರಡನೇ ಗೇಟಿಗೆ ನಿಲ್ಲಿಸಿದ್ದರು. ನೀರಿನ ಟ್ಯಾಂಕರ್ ಬಂತು. ಗುಂಡಿ ಒತ್ತಿ, ತಡೆದು, "ಟ್ಯಾಂಕರ್ ಒಳಗೆ ಬಿಡಬೇಡಿ" ಅಂದೆ. ಮಾತು ಮುಗಿಯುವ ಮೊದಲೇ ಹೆಬ್ಬೆರಳು ಎತ್ತಿದ್ದೆ. ಅವನಿಗೆ ಕೇಳಿಸಿದ್ದು "ಟ್ಯಾಂಕರ್ ಒಳಗೆ ಬಿಡ". ಟ್ಯಾಂಕರ್ ಒಳಗೆ ಬಂತು. ನಾನು ಅವನ ಮೇಲೆ ರೇಗಿದೆ. ಸರ್ ತಡೆದರು: "ನೀನು ಹೇಳಿದ್ದು ಅಷ್ಟೇನಪ್ಪಾ. ಅವನದೇನು ತಪ್ಪು?"

ಆಗಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಇಂಗ್ಲಿಷಿನಲ್ಲಿ 'ಡೋಂಟ್' ಕ್ರಿಯಾಪದಕ್ಕಿಂತ ಮುಂದೆ ಬರುತ್ತದೆ. ಬಾಲ ತುಂಡಾದರೂ ಬೇಡ ಅನ್ನುವುದು ಅಷ್ಟರಲ್ಲಿ ತಲುಪಿರುತ್ತದೆ. ನಮ್ಮ ಕನ್ನಡದಲ್ಲಿ ಬೇಡ, ಇಲ್ಲ ಎರಡೂ ಕಟ್ಟಕಡೆಗೆ. ಬಂದಿದೆ, ಬಂದಿಲ್ಲ: 'ಬಂದಿ'ವರೆಗೆ ಎರಡೂ ಒಂದೇ. ಸಿಕ್ಕಿದೆ, ಸಿಕ್ಕಿಲ್ಲವೂ ಹಾಗೇ. ತೆಗೀಬೇಡಿ ಅನ್ನುವುದರಲ್ಲಿ 'ಬೇಡಿ' ಹೋದರೆ ಉಳಿಯುವುದು ತೆಗೀ! ಹಾಳೆಯಲ್ಲಿ ಮಾತಿನ ತಲೆ ಉಳಿಸಿಕೊಳ್ಳುವ ಉಪಾಯ ಇದೆ. ಕನ್ನಡದಲ್ಲಿ ಮಾತಾಡುವವರು ಕಾಯಬೇಕಾದದ್ದು ಬಾಲವನ್ನು.

ಹಾಗಾಗಿ ನಾನು ಮಾಡಿಕೊಂಡ ಏರ್ಪಾಡು: 'ಬೇಡಿ' ಬರುವ ಕಡೆಯಲ್ಲೆಲ್ಲ ಬೇರೆಯೇ ಮಾತು. ಬಿಡಬೇಡಿ ಬದಲು ನಿಲ್ಲಿಸಿ. ತೆಗೀಬೇಡಿ ಬದಲು ಮುಚ್ಚೇ ಇರಲಿ. ಹೋಗಬೇಡಿ ಬದಲು ಅಲ್ಲೇ ಇರಿ. ಅರ್ಧ ಕೇಳಿದರೂ ಉಲ್ಟಾ ಅರ್ಥ ಬರುವುದಿಲ್ಲ. 'ಇಲ್ಲ' ಅನ್ನಲೇಬೇಕಾದರೆ ಮುಂಚೆಯೇ 'ನೆಗೆಟಿವ್' ಅಂದುಬಿಡುವುದು: "ನೆಗೆಟಿವ್, ಗಾಡಿ ಬಂದಿಲ್ಲ, ಓವರ್." ಇಲ್ಲಿ 'ಓವರ್' ಅಂದರೆ ನನ್ನ ಮಾತು ಮುಗೀತು, ನೀವು ಹೇಳಿ ಅಂತ. ಬೆರಳು ಬೇಗ ಎತ್ತಿದರೆ ಹೋಗುವುದು ಅದೇ, ಮುಖ್ಯ ಮಾತು ಉಳಿಯುತ್ತದೆ. ನನ್ನ ಲೆಕ್ಕದಲ್ಲಿ ಅದು ಬಾಲದ ಕುಂಬಳಕಾಯಿ.

ಂಬತ್ತು

ಇಂಗ್ಲಿಷ್ ರೇಡಿಯೋದಲ್ಲಿ ಫೈವ್, ನೈನ್ ಒಂದೇ ಥರ ಕೇಳುತ್ತವೆ ಅಂತ 'ಫೈಫ್', 'ನೈನರ್' ಅನ್ನುತ್ತಾರೆ. ನಮ್ಮ ಸಂಖ್ಯೆಗಳದು ಇನ್ನೂ ಫಜೀತಿ. ಒಂಬತ್ತು, ಎಂಬತ್ತು, ತೊಂಬತ್ತು, ಹತ್ತೊಂಬತ್ತು. ತಲೆ ಹಾರಿದರೆ ನಾಲ್ಕೂ 'ಂಬತ್ತು'. ಕೆಎ 19 ಮಂಗಳೂರಿನದು, ಕೆಎ 09 ಮೈಸೂರಿನದು. ಹತ್ತೊಂಬತ್ತು ಅಂದದ್ದು ಒಂಬತ್ತು ಅಂತ ಕೇಳಿದರೆ ಗಾಡಿ ಘಟ್ಟ ಹತ್ತಿ ಮೈಸೂರಿಗೆ ಹೋಯಿತು! ಒಂದೊಂದೇ ಅಂಕಿ ಬಿಡಿಸಿ ಹೇಳಿ, 'ಕೆ'ಗೆ ಕಿಲೋ, 'ಎ'ಗೆ ಆಲ್ಫಾ: ಕಿಲೋ ಆಲ್ಫಾ, ಒಂದು, ಒಂಬತ್ತು.

ಕಿಲೋ, ಆಲ್ಫಾ ಎಲ್ಲ 1956ರಿಂದ ವಿಮಾನಯಾನದವರು ಜಗತ್ತಿಗೆಲ್ಲ ಒಂದೇ ಇರಲಿ ಅಂತ ಜಾರಿಗೆ ತಂದ ಪಟ್ಟಿ. ಬಿ, ಡಿ, ಪಿ, ಟಿ ಕಲಸಿಹೋಗಬಾರದು, ಅಷ್ಟಕ್ಕೇ. ಲಾಸ್ ಏಂಜಲೀಸ್ ಪೊಲೀಸರದು ಬೇರೆ: ಆಡಮ್, ಬಾಯ್, ಚಾರ್ಲ್ಸ್. ನಮ್ಮ ಹಾಳೆಯಲ್ಲಿ ಯಾರೋ ಎರಡನ್ನೂ ಬೆರೆಸಿದ್ದಾರೆ. ಆಲ್ಫಾ, ಬ್ರಾವೋದನ್ನೇ ಕಲಿಯಿರಿ.

ಉಳಿದದ್ದು

ರೋಜರ್ ಅಂದರೆ ಕೇಳಿಸಿತು ಅಷ್ಟೇ, ಒಪ್ಪಿದೆ ಅಂತಲ್ಲ. ಹೇಳಿದಂತೆ ಮಾಡುತ್ತೇನೆ ಅನ್ನುವುದಕ್ಕೆ 'ವಿಲ್ಕೋ'. 'ಓವರ್ ಅಂಡ್ ಔಟ್' ಅಂದರೆ ನೀವು ಮಾತಾಡಿ, ನಾನು ಹೊರಟೆ ಅಂದ ಹಾಗೆ. ಅನ್ನಬೇಡಿ.

ಟೆನ್-ಕೋಡ್ ಪೂರ್ತಿ ಬಾಯಿಪಾಠ ಮಾಡಿ ರಾತ್ರಿ ಹಾಳು ಮಾಡಿಕೊಳ್ಳಬೇಡಿ. ಅದು ಊರಿಗೊಂದು ಥರ. ನ್ಯೂಯಾರ್ಕಿನಲ್ಲಿ ಟೆನ್-ಥರ್ಟೀನ್ ಅಂದರೆ ಪೊಲೀಸನಿಗೆ ಅಪಾಯ, ಓಡಿ ಬನ್ನಿ. ಹಳೆಯ ಪಟ್ಟಿಯಲ್ಲಿ ಅದೇ ಸಂಖ್ಯೆಗೆ ಹವಾಮಾನ ಮತ್ತು ರಸ್ತೆಯ ಸ್ಥಿತಿ! 2005ರ ಕತ್ರೀನಾ ಚಂಡಮಾರುತದಲ್ಲಿ ಹಲವು ಕಡೆಯ ಪಡೆಗಳು ಒಟ್ಟಿಗೆ ಇಳಿಯಬೇಕಾಯಿತು. ಮರುವರ್ಷ ಅಲ್ಲಿನ ಒಕ್ಕೂಟ ಸರ್ಕಾರವೇ, ಬೇರೆಬೇರೆ ಪಡೆಗಳು ಸೇರಿದ ಕಡೆ ಕೋಡ್ ಬಿಟ್ಟು ಸರಳವಾಗಿ ಮಾತಾಡಿ ಅಂದಿತು.

ನಿಜಕ್ಕೂ ಗುಟ್ಟು ಬೇಕಾಗುವುದು ಜನ ಪಕ್ಕದಲ್ಲೇ ಇದ್ದಾಗ. ಆಸ್ಪತ್ರೆಯಲ್ಲಿ 'ಬೆಂಕಿ' ಅಂತ ಕೂಗಿದರೆ ನೂಕುನುಗ್ಗಲು, ಅದಕ್ಕೆ ಕೋಡ್ ರೆಡ್. ಬ್ರಿಟನ್ನಿನ ರೈಲು ನಿಲ್ದಾಣಗಳಲ್ಲಿ ಮೈಕಿನಲ್ಲಿ 'ಇನ್ಸ್‌ಪೆಕ್ಟರ್ ಸ್ಯಾಂಡ್ಸ್' ಅವರನ್ನು ಕರೆಯುತ್ತಾರೆ. ಅಂಥವರು ಯಾರೂ ಇಲ್ಲ, ಅಪಾಯ ಇರಬಹುದು ನೋಡಿ ಅಂತ ಸಿಬ್ಬಂದಿಗೆ ಸೂಚನೆ.

ನಾಳೆ ಮತ್ತೆ ಅದೇ ಅಭ್ಯಾಸ, ಅದೇ ಟ್ಯಾಂಕರ್. ಕನ್ನಡಿ ಮುಂದೆ ಟಿವಿ ರಿಮೋಟ್ ಹಿಡಿದು ಹೇಳಿಕೊಳ್ಳುತ್ತಿದ್ದೇನೆ: ಒತ್ತು, ಒಂದು, "ಗೇಟ್ ಎರಡು, ಕಂಟ್ರೋಲ್. ಟ್ಯಾಂಕರ್ ನಿಲ್ಲಿಸಿ, ಓವರ್", ಒಂದು, ಬಿಡು.