ಪ್ಲೇ ಒತ್ತುವ ಮೊದಲು ಎರಡು ನಿಮಿಷ

ವಿಜ್ಞಾನ ಶಿಕ್ಷಕರ ತರಬೇತಿಗೆ ಹೋದಲ್ಲೆಲ್ಲ ಒಂದೇ ಬೇಡಿಕೆ. "ಸಾರ್, ಹತ್ತನೇ ಕ್ಲಾಸಿನ ವಿಡಿಯೋ ಎಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಡಿ." ಹಾಕಿಕೊಡುತ್ತೇನೆ. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲೂ ಸಿಗುತ್ತವೆ. ವಿಡಿಯೋಗೇನೂ ಬರ ಇಲ್ಲ. ಬೇಜಾರಾಗುವುದು ಅದನ್ನು ತೋರಿಸುವ ರೀತಿ ನೋಡಿದಾಗ. ಕಿಟಕಿ ಮುಚ್ಚಿ, ಪ್ರೊಜೆಕ್ಟರ್ ಹಾಕಿ, ಮೊದಲಿಂದ ಕೊನೆವರೆಗೆ ಓಡಿಸಿ, ಆಮೇಲೆ "ಅರ್ಥ ಆಯ್ತಾ?" ಅಂತ ಕೇಳುತ್ತಾರೆ. "ಆಯ್ತು ಸಾರ್" ಅಂತ ಇಡೀ ಕ್ಲಾಸು ಕೂಗುತ್ತದೆ. ಬೆಲ್ ಹೊಡೆಯುತ್ತದೆ.

ಅರ್ಥ ಆಗಿರುವುದಿಲ್ಲ. ಇದು ನನ್ನ ಅನುಮಾನ ಮಾತ್ರ ಅಲ್ಲ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಮತ್ತು ಜೊತೆಯವರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ಲಾಸಿನಲ್ಲಿ ಪ್ರಯೋಗವನ್ನು ಸುಮ್ನೆ ನೋಡಿದವರಿಗೂ ನೋಡದೇ ಇದ್ದವರಿಗೂ ತಿಳಿವಳಿಕೆಯಲ್ಲಿ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಏನಾಗಬಹುದು ಅಂತ ಮೊದಲೇ ಊಹಿಸಿ ಆಮೇಲೆ ನೋಡಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಅದಕ್ಕೆ ಹಿಡಿದ ಹೆಚ್ಚಿನ ಸಮಯ ಎರಡೇ ನಿಮಿಷ. ಅವರು ತೋರಿಸಿದ್ದು ಕಣ್ಣೆದುರಿನ ಪ್ರಯೋಗ, ವಿಡಿಯೋ ಅಲ್ಲ. ಆದರೂ ನಮ್ಮ ಕ್ಲಾಸುಗಳಲ್ಲಿ ನಾನು ಕಂಡಿದ್ದು ಇದನ್ನೇ.

ಇಷ್ಟು ಹೇಳಿದ ಮೇಲೂ ತಪ್ಪು ತಿಳಿಯುತ್ತಾರೆ. "ನಾವೂ ಪ್ರಶ್ನೆ ಕೇಳ್ತೀವಲ್ಲ ಸಾರ್" ಅನ್ನುತ್ತಾರೆ. ಕೇಳುವುದು ವಿಡಿಯೋ ಮುಗಿದ ಮೇಲೆ. ಅದು ನೆನಪಿನ ಪರೀಕ್ಷೆ ಅಷ್ಟೇ. ನಾನು ಹೇಳುವುದು ಮೊದಲು ಕೇಳಿ ಅಂತ. ಮೊದಲು ಕೇಳುವವರೂ ಬಾಯಲ್ಲಿ ಕೇಳುತ್ತಾರೆ, ಮೊದಲ ಬೆಂಚಿನ ಒಬ್ಬಳು ಸರಿ ಉತ್ತರ ಹೇಳುತ್ತಾಳೆ, ಉಳಿದ ಐವತ್ತು ಜನ ಯೋಚಿಸುವುದನ್ನು ಅಲ್ಲಿಗೇ ಬಿಡುತ್ತಾರೆ. ಹಾಗಲ್ಲ. ಪ್ರತಿ ಮಗುವೂ ತನ್ನ ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲಿ ಬರೆಯಬೇಕು, ಅಳಿಸುವಂತಿಲ್ಲ. ಬರೆದ ಮೇಲೆ ಆ ಉತ್ತರ ಅವರದ್ದಾಗುತ್ತದೆ. ಆಗ ನೋಡಿ, ಪರದೆ ಕಡೆ ಕಣ್ಣು ಹೇಗೆ ನೆಟ್ಟಿರುತ್ತದೆ ಅಂತ!

ತುಮಕೂರು ಕಡೆಯ ಒಂದು ಸರ್ಕಾರಿ ಹೈಸ್ಕೂಲು, ವಿದ್ಯುಚ್ಛಕ್ತಿ ಪಾಠ. ಫೆಟ್ ಸಿಮ್ಯುಲೇಷನ್, ಅಂದರೆ ಕಂಪ್ಯೂಟರ್ ಪರದೆ ಮೇಲೇ ಪ್ರಯೋಗ ಮಾಡಿ ನೋಡುವ ಪ್ರೋಗ್ರಾಂ, ಡೌನ್‌ಲೋಡ್ ಮಾಡಿ ತಂದಿದ್ದೆ, ಅದಕ್ಕೆ ಇಂಟರ್ನೆಟ್ ಬೇಕಿಲ್ಲ. ಒಂದು ಬ್ಯಾಟರಿ, ಸರಣಿಯಲ್ಲಿ, ಅಂದರೆ ಒಂದೇ ತಂತಿಯ ದಾರಿಯಲ್ಲಿ ಒಂದರ ಹಿಂದೆ ಒಂದು, ಎರಡು ಒಂದೇ ಥರದ ಬಲ್ಬು. ಸ್ವಿಚ್ ಹಾಕಿದರೆ ಯಾವುದು ಜಾಸ್ತಿ ಉರಿಯುತ್ತೆ? ಮುಕ್ಕಾಲು ಪಾಲು ಮಕ್ಕಳು ಬರೆದಿದ್ದು ಮೊದಲನೆಯದು ಅಂತ. ಕರೆಂಟನ್ನು ಮೊದಲ ಬಲ್ಬು "ಸ್ವಲ್ಪ ತಿಂದುಬಿಡುತ್ತೆ" ಅಂತ ಕಾರಣ. ಓಮ್‌ನ ನಿಯಮದ ಲೆಕ್ಕ ತಪ್ಪಿಲ್ಲದೆ ಬಿಡಿಸುವ ಮಕ್ಕಳೇ ಇವರು. ಸ್ವಿಚ್ ಹಾಕಿದೆ. ಎರಡೂ ಒಂದೇ ಸಮ ಉರಿದವು. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಆ ಮೌನಕ್ಕಾಗಿ ನಾನು ಎಷ್ಟು ದೂರ ಬೇಕಾದರೂ ಬಸ್ಸಿನಲ್ಲಿ ಹೋಗುತ್ತೇನೆ.

ಎಲ್ಲ ಪಾಠಕ್ಕೂ ಇದು ಹೊಂದುತ್ತದೆ ಅಂತ ಹೇಳಲಾರೆ. ಜ್ವಾಲಾಮುಖಿ ಹೇಗಿರುತ್ತದೆ ಅಂತ ಸುಮ್ಮನೆ ತೋರಿಸಿದರೂ ಸಾಕು. ಸಿಲಬಸ್ ಮುಗಿಸುವ ಒತ್ತಡವೂ ನನಗೆ ಗೊತ್ತು. ದಿನಕ್ಕೊಂದು ಪ್ರಶ್ನೆ ಕೇಳಿದರೂ ಆದೀತು.

ಅವತ್ತು ಅಲ್ಲಿನ ಟೀಚರ್ ಒಬ್ಬರು ಸುಮ್ಮನಿರಲಿಲ್ಲ. ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹಳೇ ಟಾರ್ಚಿನ ಬಲ್ಬು ಎರಡು ಹುಡುಕಿಸಿ ತರಿಸಿದರು. ಸೆಲ್‌ಗೆ ಜೋಡಿಸಿದರೆ ಎಡಗಡೆಯದು ಸ್ವಲ್ಪ ಜಾಸ್ತಿ ಉರಿಯಿತು. "ನೋಡಿ ಮಿಸ್, ನಾನು ಹೇಳಿದ್ದೇ ಸರಿ" ಅಂತ ಒಬ್ಬ ಎದ್ದು ನಿಂತ. ಟೀಚರ್ ಉತ್ತರ ಹೇಳಲಿಲ್ಲ, ಕಾದರು. ಹಿಂದಿನ ಬೆಂಚಿನಿಂದ ಒಂದು ಹುಡುಗಿ, "ಮಿಸ್, ಬಲ್ಬು ಅದಲು ಬದಲು ಮಾಡೋಣ" ಅಂದಳು. ಮಾಡಿದರು. ಹೆಚ್ಚಿನ ಬೆಳಕು ಆ ಬಲ್ಬಿನ ಜೊತೆಗೇ ಬಲಗಡೆಗೆ ಹೋಯಿತು. ಎದ್ದು ನಿಂತಿದ್ದವನು ಕೂರಲಿಲ್ಲ, ನೋಡೋಕೆ ಮೇಜಿನ ಹತ್ತಿರವೇ ಬಂದ.